ಆಟಿಕೆ ಕಾರ್ಖಾನೆಗಳು ನಿಜಕ್ಕೂ ಚೀನಾ ಬಿಡುತ್ತಿವೆಯೇ? ಅಚ್ಚು, ಸುಂಕ ಮತ್ತು ಪಳಗಿದ ಕೈಗಳು

ಬೋರ್ಡ್ ಗೇಮ್ ತಯಾರಾಗುವ ಕಾರ್ಖಾನೆಯಲ್ಲಿ ಕೊನೆಯ ಪರೀಕ್ಷೆ ನಡೆಯುವುದು ತಕ್ಕಡಿಯ ಮೇಲೆ. ಉದ್ದನೆಯ ಮೇಜಿನ ಪಕ್ಕ ಕೆಲಸಗಾರರು ಸಾಲಾಗಿ ಕೂತಿರುತ್ತಾರೆ. ಖಾಲಿ ಡಬ್ಬಿ ಒಂದು ತುದಿಯಿಂದ ಹೊರಡುತ್ತದೆ. ಒಬ್ಬರು ಮಡಚಿದ ಬೋರ್ಡ್ ಇಡುತ್ತಾರೆ. ಮುಂದಿನವರು ಕಾರ್ಡಿನ ಕಟ್ಟು, ಅವರ ಪಕ್ಕದವರು ದಾಳಗಳ ಚೀಲ, ಮತ್ತೊಬ್ಬರು ಮರದ ಕಾಯಿಗಳು, ಕೊನೆಗೆ ನಿಯಮದ ಪುಸ್ತಕ. ಮುಚ್ಚಳ ಹಾಕಿದ ಮೇಲೆ ಡಬ್ಬಿ ತಕ್ಕಡಿಗೆ ಬರುತ್ತದೆ. ಕೆಲವೇ ಗ್ರಾಂ ಕಡಿಮೆ ತೂಗಿದರೂ ಏನೋ ಒಂದು ಬಿಟ್ಟುಹೋಗಿದೆ ಅಂತ ಅರ್ಥ. ಡಬ್ಬಿ ವಾಪಸ್ ಹೋಗುತ್ತದೆ, ಬಿಚ್ಚಿ ಹುಡುಕುತ್ತಾರೆ.

ಆಟ ಆಡುವವರಿಗೆ ಈ ಮೇಜು ಕಾಣುವುದಿಲ್ಲ. ಆದರೆ ಆಟಿಕೆ ವ್ಯಾಪಾರದಲ್ಲಿ ಈಗ ನಡೆಯುತ್ತಿರುವುದನ್ನು ಅರ್ಥ ಮಾಡಿಕೊಳ್ಳಲು ಇದರಿಂದಲೇ ಶುರು ಮಾಡಬೇಕು. ಕೆಲವು ವರ್ಷಗಳಿಂದ ದೊಡ್ಡ ಆಟಿಕೆ ಕಂಪನಿಗಳೆಲ್ಲ ಒಂದೇ ಮಾತು ಹೇಳುತ್ತಿವೆ: ಚೀನಾದಲ್ಲಿ ಮಾಡಿಸುವುದನ್ನು ಕಡಿಮೆ ಮಾಡುತ್ತೇವೆ. ವಿಯೆಟ್ನಾಂ, ಇಂಡೋನೇಷ್ಯಾ, ಮೆಕ್ಸಿಕೊ, ಭಾರತ ಅಂತ ಹೆಸರುಗಳು ಬರುತ್ತಿವೆ. ಸುದ್ದಿ ಓದಿದರೆ, ಲಾರಿಗೆ ಸಾಮಾನು ತುಂಬಿ ಬೇರೆ ಮನೆಗೆ ಹೋದಷ್ಟು ಸುಲಭ ಅನ್ನಿಸುತ್ತದೆ. ಯಂತ್ರಗಳ ಮಟ್ಟಿಗೆ ಅದು ಸರಿ, ಅವು ಬೇಗ ಹೋಗುತ್ತವೆ. ಮೇಜಿನ ಸುತ್ತ ಕೂತವರ ಕೈಗೆ ಬಂದ ಕೆಲಸ, ಅದನ್ನು ತಪಾಸಣೆ ಮಾಡುವ ಕಣ್ಣು, ಅಲ್ಲಿ ದುಡಿಯುವವರ ಸುರಕ್ಷತೆ ಇವು ಮಾತ್ರ ತುಂಬಾ ನಿಧಾನ. ಈಗಿನ ತೊಂದರೆಗಳಲ್ಲಿ ಮುಕ್ಕಾಲು ಪಾಲು ಈ ಅಂತರದಲ್ಲೇ ಹುಟ್ಟುತ್ತಿವೆ ಅನ್ನುವುದು ನನ್ನ ಅಭಿಪ್ರಾಯ.

ಆಟಿಕೆ ಕೆಲಸ ಊರು ಬದಲಿಸುತ್ತಿರುವುದು ಇದೇ ಮೊದಲಲ್ಲ. ಮೊದಲ ಮಹಾಯುದ್ಧಕ್ಕೆ ಮುಂಚೆ ಜಗತ್ತಿನ ಆಟಿಕೆ ಅಂಗಡಿ ಜರ್ಮನಿ. ನ್ಯೂರೆಂಬರ್ಗ್‌ನ ತಗಡಿನ ಆಟಿಕೆಗೆ, ಸೋನೆಬರ್ಗ್‌ನ ಗೊಂಬೆಗೆ ಆಗ ದೊಡ್ಡ ಹೆಸರಿತ್ತು. ಎರಡನೇ ಮಹಾಯುದ್ಧ ಮುಗಿದ ಮೇಲೆ ಸರದಿ ಜಪಾನಿನದು. ‘ಮೇಡ್ ಇನ್ ಆಕ್ಯುಪೈಡ್ ಜಪಾನ್’ ಅಂತ ಬರೆದಿರುವ ತಗಡಿನ ಕಾರುಗಳನ್ನು ಹಳೆಯ ಆಟಿಕೆ ಕೂಡಿಡುವವರು ಈಗಲೂ ಹುಡುಕುತ್ತಾರೆ. 1959ರ ಮೊದಲ ಬಾರ್ಬಿ ಗೊಂಬೆಗಳು ತಯಾರಾದದ್ದೂ ಜಪಾನಿನಲ್ಲೇ. ಅಲ್ಲಿ ಕೂಲಿ ಏರಿತು, ಕೆಲಸ ಹಾಂಗ್‌ಕಾಂಗಿಗೆ ಹೋಯಿತು. ಹಾಂಗ್‌ಕಾಂಗಿನಲ್ಲಿ ಜಾಗ, ಕೂಲಿ ಎರಡೂ ದುಬಾರಿಯಾಯಿತು. 1980ರಲ್ಲಿ ಶೆನ್‌ಜೆನ್ ವಿಶೇಷ ಆರ್ಥಿಕ ವಲಯ ಆದ ಮೇಲೆ ಕೆಲಸ ಗಡಿ ದಾಟಿ ಗ್ವಾಂಗ್‌ಡಾಂಗ್ ಪ್ರಾಂತ್ಯಕ್ಕೆ ಹೋಯಿತು.

ಆ ಕೊನೆಯ ವಲಸೆ ಸಲೀಸಾಗಿ ಆಯಿತು. ಹಾಂಗ್‌ಕಾಂಗಿನ ಮಾಲೀಕರಿಗೆ ಶೆನ್‌ಜೆನ್ ಅಂದರೆ ನದಿಯ ಆಚೆ ದಡ. ಬೆಳಿಗ್ಗೆ ಹೋಗಿ ಸಂಜೆ ಮನೆಗೆ ಬರಬಹುದಿತ್ತು. ಕ್ಯಾಂಟನೀಸ್ ಮಾತು ಎರಡೂ ಕಡೆ ನಡೆಯುತ್ತಿತ್ತು. ಅಚ್ಚು ಕೈಕೊಟ್ಟರೆ ರಿಪೇರಿ ಮಾಡುವವರನ್ನು ಅದೇ ದಿನ ಕರೆದೊಯ್ಯಬಹುದಿತ್ತು. ಈಗಿನ ವಲಸೆಗೆ ಈ ಅನುಕೂಲ ಯಾವುದೂ ಇಲ್ಲ. ಮಧ್ಯೆ ಸಮುದ್ರ ಇದೆ, ಭಾಷೆ ಬೇರೆ, ವೀಸಾ ಬೇಕು. ಹಿಂದೆಲ್ಲ ಒಂದು ಜಾಗ ಬಿಟ್ಟು ಇನ್ನೊಂದು ಜಾಗಕ್ಕೆ ಇಡೀ ಕಸುಬು ಹೋಯಿತು. ಈ ಸಲ ಅದು ಚೂರುಚೂರಾಗಿ ಹತ್ತು ಕಡೆ ಹಂಚಿಹೋಗುತ್ತಿದೆ.

ಒಂದು ಡಬ್ಬಿಯೊಳಗೆ ಎಷ್ಟು ಕಸುಬು

ಚೀನಾದಲ್ಲಿ ಕೂಲಿ ಅಗ್ಗ, ಅದಕ್ಕೇ ಎಲ್ಲರೂ ಅಲ್ಲಿ ಮಾಡಿಸುತ್ತಾರೆ ಅಂತ ಈಗಲೂ ಹೇಳುವವರಿದ್ದಾರೆ. ಅದು ಹಳೆಯ ಮಾತು. ಅಲ್ಲಿನ ಕರಾವಳಿ ಪ್ರಾಂತ್ಯಗಳಲ್ಲಿ ಕೂಲಿ ಏರಿ ಎಷ್ಟೋ ವರ್ಷ ಆಯಿತು. ವಿಯೆಟ್ನಾಂನಲ್ಲಿ, ಇಂಡೋನೇಷ್ಯಾದಲ್ಲಿ ಅದಕ್ಕಿಂತ ಕಡಿಮೆಗೆ ಕೆಲಸ ಆಗುತ್ತದೆ. ಹಾಗಿದ್ದರೂ ಅಮೆರಿಕದಲ್ಲಿ ಮಾರಾಟವಾಗುವ ಆಟಿಕೆಗಳಲ್ಲಿ ನೂರಕ್ಕೆ ಸುಮಾರು 80 ಚೀನಾದಿಂದ ಬರುತ್ತವೆ ಅನ್ನುವುದು ಆ ಉದ್ಯಮದವರೇ ವರ್ಷಗಳಿಂದ ಹೇಳುತ್ತಾ ಬಂದಿರುವ ಲೆಕ್ಕ. ಯಾಕೆ? ಬೇಕಾದದ್ದೆಲ್ಲ ಅಕ್ಕಪಕ್ಕದಲ್ಲೇ ಸಿಗುತ್ತದೆ. ಶಾಂಟೌ ನಗರದ ಚೆಂಗ್‌ಹಾಯ್ ಜಿಲ್ಲೆಯೊಂದರಲ್ಲೇ ಆಟಿಕೆಯನ್ನು ನಂಬಿಕೊಂಡ ಸಾವಿರಾರು ಉದ್ಯಮಗಳಿವೆ. ಡಾಂಗ್‌ಗುವಾನ್‌ನಲ್ಲಿ ಅಚ್ಚು ಕೆತ್ತುವವರು, ಬಣ್ಣ ಹೊಡೆಯುವವರು, ಗೊಂಬೆಗೆ ಬಟ್ಟೆ ಹೊಲಿಯುವವರು ಎಲ್ಲ ಹತ್ತಿರ ಹತ್ತಿರ ಇದ್ದಾರೆ. ಒಂದು ಸ್ಪ್ರಿಂಗ್ ಸರಿ ಹೊಂದಲಿಲ್ಲ ಅಂದರೆ ಮಧ್ಯಾಹ್ನದೊಳಗೆ ಬೇರೆಯದು ಬರುತ್ತದೆ.

ಬೋರ್ಡ್ ಗೇಮ್ ತೆಗೆದುಕೊಳ್ಳಿ. ಅದರ ಕಾರ್ಡು ಸುಮ್ನೆ ದಪ್ಪ ಕಾಗದ ಅಲ್ಲ. ಎರಡು ಪದರಗಳ ನಡುವೆ ಕಪ್ಪು ಅಥವಾ ನೀಲಿ ಬಣ್ಣದ ತೆಳು ಪದರ ಇರುತ್ತದೆ. ದೀಪಕ್ಕೆ ಹಿಡಿದರೆ ಹಿಂದಿನ ಚಿತ್ರ ಕಾಣಬಾರದು ಅಂತ ಈ ಏರ್ಪಾಟು. ಒಂದೊಂದು ಹಾಳೆಯಲ್ಲಿ ಐವತ್ತಕ್ಕೂ ಹೆಚ್ಚು ಕಾರ್ಡು ಅಚ್ಚಾಗಿ, ಬಟ್ಟೆಯ ನೇಯ್ಗೆಯಂಥ ಉಬ್ಬು ಒತ್ತಿಸಿಕೊಂಡು, ಆಮೇಲೆ ಕತ್ತರಿಗೆ ಹೋಗುತ್ತವೆ. ಇನ್ನು ರಟ್ಟಿನ ಬಿಲ್ಲೆಗಳು. ಸುಮಾರು ಎರಡು ಮಿಲಿಮೀಟರ್ ದಪ್ಪದ ಬೂದು ರಟ್ಟಿಗೆ ಎರಡೂ ಕಡೆ ಅಚ್ಚಾದ ಕಾಗದ ಅಂಟಿಸಿ, ಉಕ್ಕಿನ ಅಲಗು ಕೂರಿಸಿದ ಹಲಗೆಯಿಂದ ಒತ್ತುತ್ತಾರೆ. ಬಿಲ್ಲೆ ಪೂರ್ತಿ ಕತ್ತರಿಸಿದರೆ ದಾರಿಯಲ್ಲೇ ಉದುರುತ್ತದೆ. ಕಡಿಮೆ ಕತ್ತರಿಸಿದರೆ ಮಕ್ಕಳು ಕಿತ್ತಾಗ ಅಂಚು ಹರಿಯುತ್ತದೆ. ಹಾಗಾಗಿ ಅಲ್ಲಲ್ಲಿ ಕೂದಲೆಳೆಯಷ್ಟು ಹಿಡಿತ ಬಿಡಬೇಕು. ಎಷ್ಟು ಬಿಡಬೇಕು ಅನ್ನುವುದು ರಟ್ಟಿನ ಗುಣದ ಮೇಲೆ, ಹವೆಯ ತೇವದ ಮೇಲೆ ನಿಂತಿದೆ. ಅಲಗನ್ನು ಸರಿ ಮಾಡುವವರಿಗೆ ಅದು ಕೈಗೆ ಗೊತ್ತಿರುತ್ತದೆ, ಬರೆದುಕೊಡಿ ಅಂದರೆ ಕಷ್ಟ.

ತೇವ ಅಂದೆನಲ್ಲ, ಅದು ಈ ಕೆಲಸದ ದೊಡ್ಡ ಶತ್ರು. ಅಂಟು ಸರಿಯಾಗಿ ಒಣಗದೆ ಡಬ್ಬಿಯೊಳಗೆ ಹೋದ ಬೋರ್ಡ್ ಸಮುದ್ರ ದಾಟುವಷ್ಟರಲ್ಲಿ ಹಪ್ಪಳದ ಹಾಗೆ ಬಾಗುತ್ತದೆ. ಮೇಲಿನ ಕಾಗದ, ಕೆಳಗಿನ ಕಾಗದ ಒಂದೇ ಸಮ ಎಳೆಯುವಂತೆ ಇರಬೇಕು. ಹೊಸ ಕಾರ್ಖಾನೆಗಳು ಮೊದಲು ಎಡವುವುದು ಇಲ್ಲೇ. ಮಾದರಿ ಪ್ರತಿ ಚೆನ್ನಾಗಿ ಬಂದಿರುತ್ತದೆ. ಸಾವಿರ ಪ್ರತಿ ಬಂದಾಗ ಬೋರ್ಡ್ ನೆಲಕ್ಕೆ ಕೂರುವುದಿಲ್ಲ.

ಇದರ ಜೊತೆಗೆ ಮರದ ಕಾಯಿ, ಪ್ಲಾಸ್ಟಿಕ್ ಬೊಂಬೆ, ದಾಳ, ಒಳಗಿನ ತಟ್ಟೆ, ಬಟ್ಟೆಯ ಚೀಲ. ಒಂದೊಂದೂ ಬೇರೆ ಬೇರೆ ಕಸುಬು. ಎಲ್ಲವೂ ಒಂದೇ ವಾರ ಆ ಮೇಜಿಗೆ ಬಂದು ಸೇರಬೇಕು. ಇಷ್ಟೆಲ್ಲ ಮಾಡಿಯೂ ಸಣ್ಣ ಪ್ರಕಾಶಕರು ಕೊಡುವ ಆರ್ಡರ್ ಎಷ್ಟು? ಸಾವಿರ, ಒಂದೂವರೆ ಸಾವಿರ ಪ್ರತಿ. ಇಷ್ಟು ಚಿಕ್ಕ ಆರ್ಡರಿಗೆ ಇಷ್ಟು ವಿಧದ ಸಾಮಾನು ಸೇರಿಸಿ ಕೊಡುವ ವ್ಯವಸ್ಥೆ ಶೆನ್‌ಜೆನ್, ಶಾಂಘೈ ಸುತ್ತಮುತ್ತ ಬೆಳೆದಿದೆ. ಬೇರೆ ಕಡೆ ಇಷ್ಟು ಒತ್ತಾಗಿ ಬೆಳೆದಿಲ್ಲ.

ಅಚ್ಚು ಎಲ್ಲಿದೆಯೋ ಕೆಲಸ ಅಲ್ಲಿ

ಪ್ಲಾಸ್ಟಿಕ್ ಆಟಿಕೆಯ ವಿಷಯದಲ್ಲಿ ಎಲ್ಲಕ್ಕಿಂತ ಮುಖ್ಯ ಅಚ್ಚು, ಅಂದರೆ ಮೋಲ್ಡ್. ಉಕ್ಕಿನ ಎರಡು ಗಟ್ಟಿಗಳು, ನಡುವೆ ಆಟಿಕೆಯ ಆಕಾರದ ಪೊಳ್ಳು. ಕರಗಿದ ಪ್ಲಾಸ್ಟಿಕ್ ಒತ್ತಡದಲ್ಲಿ ಒಳಗೆ ನುಗ್ಗುತ್ತದೆ, ತಣ್ಣಗಾಗುತ್ತದೆ, ಅಚ್ಚು ತೆರೆದು ತುಂಡು ಬೀಳುತ್ತದೆ. ಇದೆಲ್ಲ ಅರ್ಧ ನಿಮಿಷದ ಕೆಲಸ. ಆದರೆ ಆ ಅಚ್ಚು ಕೆತ್ತಲು ತಿಂಗಳೋ ಒಂದೂವರೆ ತಿಂಗಳೋ ಬೇಕು. ಚಿಕ್ಕ ಅಚ್ಚಿಗೆ ಕೆಲವು ಸಾವಿರ ಡಾಲರ್, ದೊಡ್ಡದಕ್ಕೆ ಹತ್ತಾರು ಸಾವಿರ ಡಾಲರ್ ಆಗುತ್ತದೆ. ಒಂದು ಆಟಿಕೆ ಕಾರಿಗೇ ಹಲವು ಅಚ್ಚು ಬೇಕಾಗಬಹುದು.

ಆದ್ದರಿಂದ ‘ಬೇರೆ ದೇಶಕ್ಕೆ ಹೋಗುತ್ತೇವೆ’ ಅನ್ನುವ ಕಂಪನಿ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ, ಅಚ್ಚು ಯಾರ ಹೆಸರಲ್ಲಿದೆ ಅನ್ನುವುದು. ದುಡ್ಡು ಕೊಟ್ಟದ್ದು ಕಂಪನಿ, ಇಟ್ಟುಕೊಂಡದ್ದು ಕಾರ್ಖಾನೆ. ಒಪ್ಪಂದದಲ್ಲಿ ಇದು ಸ್ಪಷ್ಟ ಇಲ್ಲದಿದ್ದರೆ ಹೊರಡುವ ದಿನ ಜಗಳ ಶುರು. ಇನ್ನು ಅಚ್ಚು ಸಿಕ್ಕಿತು, ಹಡಗು ಹತ್ತಿತು, ಹೊಸ ಕಾರ್ಖಾನೆಯ ಯಂತ್ರಕ್ಕೆ ಕೂತಿತು ಅನ್ನಿ. ಮೊದಲ ದಿನದ ತುಂಡುಗಳು ಸರಿ ಬರುವುದು ಅಪರೂಪ. ಅಂಚಿನಲ್ಲಿ ಪ್ಲಾಸ್ಟಿಕ್ ಸೋರಿ ತೆಳ್ಳಗೆ ರೆಕ್ಕೆ ಬಂದಿರುತ್ತದೆ. ಬಿಸಿ ಎಷ್ಟು, ಒತ್ತಡ ಎಷ್ಟು, ಎಷ್ಟು ಸೆಕೆಂಡ್ ತಣ್ಣಗಾಗಬೇಕು ಅನ್ನುವುದೆಲ್ಲ ಹಳೆಯ ಯಂತ್ರಕ್ಕೆ ಹೊಂದಿಸಿದ್ದು. ಹೊಸದಕ್ಕೆ ಮತ್ತೆ ಮೊದಲಿಂದ.

2025ರ ಆ ಏಪ್ರಿಲ್

ಅಮೆರಿಕದಲ್ಲಿ ಆಟಿಕೆ, ಬೋರ್ಡ್ ಗೇಮ್ ಎರಡಕ್ಕೂ ಮೂರು ದಶಕಗಳ ಕಾಲ ಆಮದು ಸುಂಕವೇ ಇರಲಿಲ್ಲ, ಸೊನ್ನೆ. ಇಡೀ ವ್ಯಾಪಾರದ ಲೆಕ್ಕ ಆ ಸೊನ್ನೆಯ ಮೇಲೆ ನಿಂತಿತ್ತು. 2025ರ ಫೆಬ್ರವರಿಯಲ್ಲಿ ಚೀನಾದ ಸಾಮಾನಿನ ಮೇಲೆ ಶೇಕಡಾ 10 ಬಿತ್ತು, ಮಾರ್ಚ್‌ನಲ್ಲಿ 20 ಆಯಿತು, ಏಪ್ರಿಲ್ ಎರಡನೇ ವಾರದ ಹೊತ್ತಿಗೆ 145ಕ್ಕೆ ಹೋಯಿತು. ಮೇ ತಿಂಗಳಲ್ಲಿ ಜಿನೀವಾ ಮಾತುಕತೆಯ ನಂತರ 30ಕ್ಕೆ ಇಳಿಯಿತು. ನವೆಂಬರ್‌ನಲ್ಲಿ 20 ಆಯಿತು.

145 ಅಂದರೆ ಏನು ಅಂತ ಒಂದು ಡಬ್ಬಿಯ ಲೆಕ್ಕದಲ್ಲಿ ನೋಡೋಣ. ಸುಂಕ ಬೀಳುವುದು ಅಂಗಡಿಯ ಬೆಲೆಯ ಮೇಲಲ್ಲ, ಕಾರ್ಖಾನೆಯ ಬೆಲೆಯ ಮೇಲೆ. ಅಂಗಡಿಯಲ್ಲಿ 50 ಡಾಲರ್‌ಗೆ ಮಾರುವ ಆಟಕ್ಕೆ ಕಾರ್ಖಾನೆ 10 ಡಾಲರ್ ತೆಗೆದುಕೊಂಡಿತು ಅಂತಿಟ್ಟುಕೊಳ್ಳಿ. ವಿತರಕರು ಪ್ರಕಾಶಕರಿಂದ ಅದನ್ನು ಕೊಳ್ಳುವುದು ಸುಮಾರು 20 ಡಾಲರ್‌ಗೆ. ಉಳಿದ 10 ಡಾಲರಿನಲ್ಲೇ ಸಾಗಣೆ, ಚಿತ್ರಕಾರರ ಸಂಭಾವನೆ, ಆಟ ರಚಿಸಿದವರ ಪಾಲು, ಕಚೇರಿ ಖರ್ಚು, ಲಾಭ. ಈಗ 145 ಶೇಕಡಾ ಸುಂಕ ಬಿತ್ತು. ಅದು 14.50 ಡಾಲರ್. ಅಲ್ಲಿಗೆ ಮುಗಿಯಿತು. ಆಟ ಎಷ್ಟು ಚೆನ್ನಾಗಿ ಮಾರಾಟವಾದರೂ ಪ್ರತಿ ಡಬ್ಬಿಗೆ ನಷ್ಟವೇ.

ಅಮೆರಿಕದ ಬೋರ್ಡ್ ಗೇಮ್ ಕಂಪನಿ ಸ್ಟೋನ್‌ಮಯರ್ ಗೇಮ್ಸ್‌ನ ಸ್ಥಾಪಕ ಜೇಮಿ ಸ್ಟೆಗ್‌ಮಯರ್ ಆ ತಿಂಗಳು ತಮ್ಮ ಲೆಕ್ಕವನ್ನು ಬಹಿರಂಗವಾಗಿ ಬರೆದರು. ಆಗಲೇ ತಯಾರಾಗುತ್ತಿದ್ದ ಆಟಗಳಿಗೆ ಅವರು ಕಟ್ಟಬೇಕಿದ್ದ ಸುಂಕ ಸುಮಾರು 15 ಲಕ್ಷ ಡಾಲರ್. ಅವರ ಕಂಪನಿ ಸರ್ಕಾರದ ವಿರುದ್ಧ ಕೋರ್ಟಿಗೆ ಹೋದವರ ಜೊತೆ ಸೇರಿತು. ಗ್ರೇಟರ್ ದ್ಯಾನ್ ಗೇಮ್ಸ್ ತನ್ನ ಬಹುಪಾಲು ಸಿಬ್ಬಂದಿಯನ್ನು ಮನೆಗೆ ಕಳಿಸಿತು. ಸಿಎಂಒಎನ್ ಅನ್ನುವ ಬೋರ್ಡ್ ಗೇಮ್ ಕಂಪನಿ ಹೊಸ ಆಟ ರೂಪಿಸುವುದನ್ನೇ ನಿಲ್ಲಿಸಿತು. ಲರ್ನಿಂಗ್ ರಿಸೋರ್ಸಸ್ ಅನ್ನುವ ಇಲಿನಾಯ್‌ನ ಶೈಕ್ಷಣಿಕ ಆಟಿಕೆ ಕಂಪನಿ ಹೂಡಿದ ಮೊಕದ್ದಮೆ ಅಮೆರಿಕದ ಸುಪ್ರೀಂ ಕೋರ್ಟ್‌ವರೆಗೂ ಹೋಗಿ, 2025ರ ನವೆಂಬರ್ 5ರಂದು ಅಲ್ಲಿ ವಾದ ನಡೆಯಿತು. ಅಧ್ಯಕ್ಷರ ಸುಂಕದ ಅಧಿಕಾರವನ್ನೇ ಪ್ರಶ್ನಿಸಿದ್ದು ಒಂದು ಆಟಿಕೆ ಕಂಪನಿ ಅನ್ನುವುದು ನೆನಪಿಡುವಂಥ ಸಂಗತಿ.

ಹೊಡೆತ ಬಿದ್ದ ಸಮಯವೂ ಕೆಟ್ಟದಿತ್ತು. ಕ್ರಿಸ್‌ಮಸ್‌ಗೆ ಆಟಿಕೆ ಅಂಗಡಿಯಲ್ಲಿರಬೇಕು ಅಂದರೆ ಆರ್ಡರ್ ಹೋಗಬೇಕಾದದ್ದು ಆ ವಸಂತದಲ್ಲೇ. ಚೀನಾದ ಹೊಸ ವರ್ಷದ ರಜೆ ಮುಗಿದು ಕಾರ್ಖಾನೆ ತೆರೆದು, ಬೇಸಿಗೆಯಲ್ಲಿ ತಯಾರಾಗಿ, ಸೆಪ್ಟೆಂಬರ್ ಹೊತ್ತಿಗೆ ಹಡಗು ದಾಟಬೇಕು. ಏಪ್ರಿಲ್‌ನಲ್ಲಿ ಎಲ್ಲರೂ ಕೈಕಟ್ಟಿ ಕೂತರು. ಮೇ ಮಧ್ಯದಲ್ಲಿ ಸುಂಕ ಇಳಿದಾಗ ಎಲ್ಲರೂ ಒಟ್ಟಿಗೆ ಓಡಿದರು.

ಜನರಿಂದ ಮುಂಗಡ ಹಣ ಕೂಡಿಸಿ ಆಟ ತರುವ ಚಿಕ್ಕ ಪ್ರಕಾಶಕರ ಪಾಡು ಇನ್ನೂ ಕಷ್ಟ. ಅವರು ಒಂದೋ ಎರಡೋ ವರ್ಷ ಹಿಂದೆಯೇ ಬೆಲೆ ಹೇಳಿ ದುಡ್ಡು ತೆಗೆದುಕೊಂಡಿರುತ್ತಾರೆ. ಆ ಬೆಲೆಯಲ್ಲಿ ಇಂಥ ಸುಂಕಕ್ಕೆ ಜಾಗವೇ ಇರಲಿಲ್ಲ. ಮತ್ತೆ ಜನರನ್ನು ಕೇಳಬೇಕು, ಇಲ್ಲ ಕೈಯಿಂದ ಹಾಕಬೇಕು. 800 ಡಾಲರ್‌ಗಿಂತ ಕಡಿಮೆ ಬೆಲೆಯ ಪಾರ್ಸಲ್‌ಗೆ ಸುಂಕ ಇಲ್ಲ ಅನ್ನುವ ರಿಯಾಯಿತಿ ಅಮೆರಿಕದಲ್ಲಿತ್ತು. ಅದೂ 2025ರ ಮೇ 2ರಿಂದ ಚೀನಾಕ್ಕೆ, ಆಗಸ್ಟ್ 29ರಿಂದ ಎಲ್ಲ ದೇಶಗಳಿಗೆ ನಿಂತಿತು. ಏಷ್ಯಾದ ಗೋದಾಮಿನಿಂದ ನೇರ ಗ್ರಾಹಕರ ಮನೆಗೆ ಕಳಿಸುವ ದಾರಿಯೂ ಮುಚ್ಚಿತು.

ಸಾಗಣೆಯ ಏಟು ಇದಕ್ಕೂ ಮುಂಚಿನದು. ನಲವತ್ತು ಅಡಿ ಕಂಟೇನರ್‌ಗೆ ಚೀನಾದಿಂದ ಅಮೆರಿಕದ ಪಶ್ಚಿಮ ಕರಾವಳಿಗೆ ಕೋವಿಡ್‌ಗೆ ಮುಂಚೆ ಎರಡು ಸಾವಿರ ಡಾಲರ್ ಆಸುಪಾಸಿನ ಬಾಡಿಗೆ ಇತ್ತು. 2021ರ ಸೆಪ್ಟೆಂಬರ್ ಹೊತ್ತಿಗೆ ಅದು 20,000 ದಾಟಿತು. ಒಂದು ಕಂಟೇನರ್‌ನಲ್ಲಿ 7,000 ಡಬ್ಬಿ ಹಿಡಿಯಿತು ಅಂತ ಲೆಕ್ಕ ಹಾಕಿದರೆ, ಡಬ್ಬಿಗೆ 30 ಸೆಂಟ್ ಇದ್ದ ಸಾಗಣೆ ಮೂರು ಡಾಲರ್ ಹತ್ತಿರ ಆಯಿತು. ಡಬ್ಬಿಯೊಳಗೆ ಗಾಳಿ ತುಂಬಿ ಕಳಿಸುವುದು ಎಷ್ಟು ದುಬಾರಿ ಅಂತ ಪ್ರಕಾಶಕರಿಗೆ ಆಗ ಗೊತ್ತಾಯಿತು. ಡಬ್ಬಿಗಳು ಚಿಕ್ಕದಾಗತೊಡಗಿದವು. ಇದು ಒಳ್ಳೆಯದೇ ಆಯಿತು ಅಂತ ನಾನು ಭಾವಿಸುತ್ತೇನೆ.

ಯಾರು ಹೊರಟರು, ಯಾರಿಗೆ ಆಗಲಿಲ್ಲ

ಹೊರಟವರಲ್ಲಿ ಮ್ಯಾಟೆಲ್ ಮುಂದಿದೆ. ತನ್ನ ಜಾಗತಿಕ ತಯಾರಿಕೆಯಲ್ಲಿ ಚೀನಾದ ಪಾಲು ಶೇಕಡಾ 40ಕ್ಕಿಂತ ಕಡಿಮೆ, 2027ರ ಹೊತ್ತಿಗೆ ಯಾವುದೇ ಒಂದು ದೇಶದ ಪಾಲು 25 ಮೀರದ ಹಾಗೆ ಮಾಡುತ್ತೇವೆ ಅಂತ ಅದು 2025ರಲ್ಲಿ ಹೇಳಿತು. ಆದರೆ ಈ ಕೆಲಸ ನಿನ್ನೆ ಮೊನ್ನೆಯದಲ್ಲ. ಬಾರ್ಬಿ ಇಂಡೋನೇಷ್ಯಾದಲ್ಲಿ, ಹಾಟ್ ವೀಲ್ಸ್ ಕಾರುಗಳು ಮಲೇಷ್ಯಾ ಮತ್ತು ಥಾಯ್ಲೆಂಡ್‌ನಲ್ಲಿ ದಶಕಗಳಿಂದ ತಯಾರಾಗುತ್ತಿವೆ. ಹ್ಯಾಸ್‌ಬ್ರೊ ಕೂಡ ಅಮೆರಿಕಕ್ಕೆ ತರುವ ಆಟಿಕೆಯಲ್ಲಿ ಚೀನಾದ ಪಾಲನ್ನು ಅರ್ಧದಿಂದ 40ಕ್ಕಿಂತ ಕೆಳಗೆ ತರುವ ಗುರಿಯನ್ನು 2025ರಲ್ಲಿ ಹೇಳಿಕೊಂಡಿತು.

ಲೆಗೊದ್ದು ಬೇರೆಯೇ ದಾರಿ. ಎಲ್ಲಿ ಮಾರುತ್ತೇವೋ ಅದರ ಹತ್ತಿರವೇ ಮಾಡುತ್ತೇವೆ ಅನ್ನುವುದು ಅದರ ನಿಯಮ. ಡೆನ್ಮಾರ್ಕ್, ಹಂಗರಿ, ಚೆಕ್ ಗಣರಾಜ್ಯ, ಮೆಕ್ಸಿಕೊ, ಚೀನಾ ಆದ ಮೇಲೆ ಆರನೇ ಕಾರ್ಖಾನೆ 2025ರ ಏಪ್ರಿಲ್‌ನಲ್ಲಿ ವಿಯೆಟ್ನಾಂನಲ್ಲಿ ತೆರೆಯಿತು. ಅಮೆರಿಕದ ವರ್ಜೀನಿಯಾದಲ್ಲಿ ಇನ್ನೊಂದು ಕಟ್ಟುತ್ತಿದೆ. ಅಲ್ಲಿ ಹೂಡಿದ್ದು ನೂರು ಕೋಟಿ ಡಾಲರ್‌ಗೂ ಮೇಲೆ. ಒಂದೇ ಥರದ ಇಟ್ಟಿಗೆಯನ್ನು ಕೋಟಿಗಟ್ಟಲೆ ಅಚ್ಚು ಹಾಕುವವರಿಗೆ ಇದು ಸಾಧ್ಯ. ಯಂತ್ರವೇ ಬಹುಪಾಲು ಕೆಲಸ ಮಾಡುತ್ತದೆ, ಕೂಲಿಯ ಪಾಲು ಕಡಿಮೆ.

ಇಲ್ಲಿ ಒಂದು ನಿಯಮ ಕಾಣುತ್ತದೆ. ಒಂದೇ ವಸ್ತು, ದೊಡ್ಡ ಸಂಖ್ಯೆ, ವರ್ಷಗಟ್ಟಲೆ ಬದಲಾವಣೆ ಇಲ್ಲ ಅಂದರೆ ಆ ಕೆಲಸ ಚೀನಾ ಬಿಟ್ಟು ಹೊರಡಬಲ್ಲದು. ಹತ್ತು ಥರದ ಸಾಮಾನು, ಚಿಕ್ಕ ಸಂಖ್ಯೆ, ಪ್ರತಿ ಸಲವೂ ಹೊಸ ವಿನ್ಯಾಸ ಅಂದರೆ ಅಲ್ಲೇ ಉಳಿಯುತ್ತದೆ. ಬೋರ್ಡ್ ಗೇಮ್ ಈ ಎರಡನೇ ಸಾಲಿನಲ್ಲಿದೆ. ಕಾಗದ, ಕಾರ್ಡು ಜಾಸ್ತಿ ಇರುವ ಆಟಗಳಿಗೆ ಯುರೋಪಿನಲ್ಲಿ ಒಳ್ಳೆಯ ಜಾಗಗಳಿವೆ. ಜರ್ಮನಿಯ ಲುಡೋ ಫ್ಯಾಕ್ಟ್, ಬೆಲ್ಜಿಯಂನ ಕಾರ್ಟಾಮುಂಡಿ, ಪೋಲೆಂಡಿನ ಟ್ರೆಫಲ್ ಹೆಸರಾದವು. ರಾವೆನ್ಸ್‌ಬರ್ಗರ್ ತನ್ನ ಊರಿನಲ್ಲೂ ಚೆಕ್ ಗಣರಾಜ್ಯದಲ್ಲೂ ಸ್ವಂತ ಕಾರ್ಖಾನೆ ಇಟ್ಟುಕೊಂಡಿದೆ. ಆದರೆ ನೂರು ಪ್ಲಾಸ್ಟಿಕ್ ಬೊಂಬೆ ಇರುವ ಆಟ ಅಂದರೆ ಅವರೂ ಆ ಬೊಂಬೆಗಳಿಗೆ ಪೂರ್ವದ ಕಡೆ ನೋಡಬೇಕಾಗುತ್ತದೆ.

ಸುಂಕ ನೋಡಿ ಓಡಿದವರಿಗೆ ಇನ್ನೊಂದು ಪಾಠ ಕಾದಿತ್ತು. 2025ರ ಏಪ್ರಿಲ್ 2ರಂದು ಅಮೆರಿಕ ವಿಯೆಟ್ನಾಂ ಮೇಲೆ ಘೋಷಿಸಿದ ಸುಂಕ 46. ಆಮೇಲೆ ಅದು 20ಕ್ಕೆ ಬಂತು. ಚೀನಾದ ಸಾಮಾನನ್ನು ವಿಯೆಟ್ನಾಂ ಹೆಸರಿನಲ್ಲಿ ಕಳಿಸಿದರೆ 40 ಅಂತ ಆಗ ಹೇಳಿದರು. ಭಾರತದ ಮೇಲೆ ಆಗಸ್ಟ್ 27ರಿಂದ 50 ಬಿತ್ತು. ವರ್ಷದ ಆರಂಭದಲ್ಲಿ ‘ಸುರಕ್ಷಿತ’ ಅನ್ನಿಸಿಕೊಂಡ ದೇಶ ವರ್ಷಾಂತ್ಯಕ್ಕೆ ಹಾಗೆ ಉಳಿಯಲಿಲ್ಲ. ಅಚ್ಚು ಸಾಗಿಸಿ, ಕೆಲಸಗಾರರನ್ನು ತಯಾರು ಮಾಡಿ ಒಂದು ಕಾರ್ಖಾನೆ ನೆಲೆಗೊಳ್ಳಲು ಒಂದೆರಡು ವರ್ಷ ಬೇಕು. ಸುಂಕ ಬದಲಾಗಲು ಒಂದು ಸಂಜೆ ಸಾಕು.

ಭಾರತ ಈ ಆಟವನ್ನು ಇನ್ನೊಂದು ತುದಿಯಿಂದ ಆಡಿತು. 2020ರ ಫೆಬ್ರವರಿಯಲ್ಲಿ ಆಟಿಕೆಯ ಆಮದು ಸುಂಕವನ್ನು 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿಸಿತು. 2021ರ ಜನವರಿಯಿಂದ ಗುಣಮಟ್ಟ ಪರೀಕ್ಷೆಯ ಬಿಐಎಸ್ ಗುರುತು ಕಡ್ಡಾಯ ಮಾಡಿತು. ಆಮದು ತೀವ್ರವಾಗಿ ಇಳಿಯಿತು. ಇದರಲ್ಲಿ ಸುಂಕಕ್ಕಿಂತ ಹೆಚ್ಚು ಬೆಲೆಯದು ಗುಣಮಟ್ಟದ ನಿಯಮ ಅಂತ ನನಗನ್ನಿಸುತ್ತದೆ. ಸುಂಕ ಕಾರ್ಖಾನೆಯನ್ನು ಕರೆತರಬಹುದು, ಪರೀಕ್ಷೆ ಕೆಲಸ ಕಲಿಸುತ್ತದೆ.

ಮಗುವಿನ ಗಂಟಲಿನ ಅಳತೆ

ಆಟಿಕೆ ಪರೀಕ್ಷಾಲಯದಲ್ಲಿ ಒಂದು ಚಿಕ್ಕ ಲೋಹದ ಕೊಳವೆ ಇರುತ್ತದೆ. ಅಡ್ಡಳತೆ 31.7 ಮಿಲಿಮೀಟರ್, ತಳ ಓರೆ. ಮೂರು ವರ್ಷದೊಳಗಿನ ಮಗುವಿನ ಗಂಟಲಿಗೆ ಹೋಲಿಸಿ ಮಾಡಿದ್ದು. ಆಟಿಕೆಯನ್ನು ಬೀಳಿಸಿ, ಎಳೆದು, ತಿರುಚಿ ನೋಡುತ್ತಾರೆ. ಕಳಚಿ ಬಂದ ತುಂಡು ಈ ಕೊಳವೆಯೊಳಗೆ ಪೂರ್ತಿ ಇಳಿದರೆ ಪುಟ್ಟ ಮಕ್ಕಳಿಗೆ ಆ ಆಟಿಕೆ ಕೊಡುವ ಹಾಗಿಲ್ಲ. ಬಣ್ಣದ ಲೇಪದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದು ಅಂತ ಅಮೆರಿಕದ ನಿಯಮ. ಯುರೋಪಿನಲ್ಲಿ ಇಎನ್ 71 ಅನ್ನುವ ಮಾನದಂಡಗಳಿವೆ. ಹನ್ನೆರಡು ವರ್ಷದವರೆಗಿನ ಮಕ್ಕಳ ವಸ್ತುಗಳಿಗೆ ಅಮೆರಿಕದಲ್ಲಿ ಪ್ರತ್ಯೇಕ ಪರೀಕ್ಷೆ ಇರುವುದರಿಂದಲೇ ಎಷ್ಟೋ ಬೋರ್ಡ್ ಗೇಮ್‌ಗಳ ಮೇಲೆ ‘14+’ ಅಂತ ಅಚ್ಚಾಗಿರುತ್ತದೆ.

ಅಮೆರಿಕದಲ್ಲಿ ಸೀಸದ ಈ ಮಿತಿ, ಈ ಪ್ರತ್ಯೇಕ ಪರೀಕ್ಷೆಯ ನಿಯಮ ಬಂದದ್ದು 2007ರ ನಂತರ. ಆ ವರ್ಷ ಮ್ಯಾಟೆಲ್ ಸೀಸದ ಬಣ್ಣದ ಆಟಿಕೆಗಳನ್ನೂ, ಕಳಚಿ ಬೀಳುವ ಆಯಸ್ಕಾಂತ ಇದ್ದ ಆಟಿಕೆಗಳನ್ನೂ ದೊಡ್ಡ ಸಂಖ್ಯೆಯಲ್ಲಿ ವಾಪಸ್ ಕರೆಸಿಕೊಂಡಿತು. ಬೈಗುಳವೆಲ್ಲ ಚೀನಾದ ಕಾರ್ಖಾನೆಗಳ ಮೇಲೆ ಬಿತ್ತು. ಆದರೆ ಸೆಪ್ಟೆಂಬರ್‌ನಲ್ಲಿ ಮ್ಯಾಟೆಲ್ ಅಧಿಕಾರಿಯೇ ಬೀಜಿಂಗ್‌ಗೆ ಹೋಗಿ ಕ್ಷಮೆ ಕೇಳಿದರು. ವಾಪಸ್ ಬಂದವುಗಳಲ್ಲಿ ಹೆಚ್ಚಿನವು ತಮ್ಮದೇ ವಿನ್ಯಾಸದ ದೋಷದಿಂದ ಅಂತ ಒಪ್ಪಿಕೊಂಡರು. 2008ರಲ್ಲಿ ಅಮೆರಿಕ ಹೊಸ ಕಾನೂನು ತಂದಿತು. ಗ್ವಾಂಗ್‌ಡಾಂಗ್‌ನ ಒಳ್ಳೆಯ ಕಾರ್ಖಾನೆಗಳು ಅಂದಿನಿಂದ ಈ ಪರೀಕ್ಷೆಗಳಿಗೆ ಒಗ್ಗಿಕೊಂಡಿವೆ. ಯಾವ ಬಣ್ಣ ಎಲ್ಲಿಂದ ತರಿಸಬೇಕು, ಯಾವುದು ಬೇಡ ಅಂತ ಅವರಿಗೆ ಗೊತ್ತು. ಹೊಸ ದೇಶದ ಹೊಸ ಕಾರ್ಖಾನೆ ಅದನ್ನು ಕಲಿಯಬೇಕು. ಕಲಿಯುವ ಅವಧಿಯಲ್ಲಿ ತಯಾರಾದ ಆಟಿಕೆ ಯಾರೋ ಒಂದು ಮಗುವಿನ ಬಾಯಿಗೆ ಹೋಗುತ್ತದೆ, ಅಲ್ವಾ?

ಇನ್ನೂ ಒಂದು ವಿಷಯ ನನ್ನ ಮನಸ್ಸಿಗೆ ಭಾರ. 1993ರ ಮೇ 10ರಂದು ಥಾಯ್ಲೆಂಡಿನ ನಖೋನ್ ಪಥೋಮ್ ಪ್ರಾಂತ್ಯದ ಕೇಡರ್ ಆಟಿಕೆ ಕಾರ್ಖಾನೆಗೆ ಬೆಂಕಿ ಬಿತ್ತು. 188 ಜನ ಸತ್ತರು. ಹೆಚ್ಚಿನವರು ಎಳೆ ವಯಸ್ಸಿನ ಹೆಣ್ಣುಮಕ್ಕಳು. ಹೊರಹೋಗುವ ಬಾಗಿಲುಗಳಿಗೆ ಬೀಗ ಹಾಕಿತ್ತು. ಕಟ್ಟಡ ಕುಸಿಯಿತು. ಅದೇ ವರ್ಷದ ನವೆಂಬರ್ 19ರಂದು ಶೆನ್‌ಜೆನ್‌ನ ಝಿಲಿ ಆಟಿಕೆ ಕಾರ್ಖಾನೆಯಲ್ಲಿ 87 ಜನ ಬೆಂದುಹೋದರು. ಅಲ್ಲಿಯೂ ಕಿಟಕಿಗೆ ಸರಳು, ಬಾಗಿಲಿಗೆ ಬೀಗ. ಎರಡೂ ಆದದ್ದು ಕೆಲಸ ಹೊಸ ಜಾಗಕ್ಕೆ ಬಂದು, ಬೇಗ ಬೇಗ ಬೆಳೆಯುತ್ತಿದ್ದ ಕಾಲದಲ್ಲಿ. ಆಮೇಲೆ ತಪಾಸಣೆ ಪದ್ಧತಿಗಳು ಬಂದವು. ಆಟಿಕೆ ಉದ್ಯಮವೇ ಕಾರ್ಖಾನೆಗಳ ಪರಿಶೀಲನೆಗೆ ಒಂದು ಕಾರ್ಯಕ್ರಮ ಮಾಡಿಕೊಂಡಿತು. ಈಗ ಮತ್ತೆ ಕೆಲಸ ಹೊಸ ಜಾಗಗಳಿಗೆ ಹೋಗುತ್ತಿದೆ, ಮತ್ತೆ ಆತುರದಲ್ಲಿ. ಸುಂಕದ ಗಡುವಿಗೆ ಓಡುವ ಕಂಪನಿ ಕೊಟೇಶನ್ ನೋಡುತ್ತದೆ, ಮಾದರಿ ನೋಡುತ್ತದೆ. ಹಿಂಬಾಗಿಲು ತೆರೆಯುತ್ತದೆಯೇ ಅಂತ ಒಬ್ಬರಾದರೂ ಹೋಗಿ ತಳ್ಳಿ ನೋಡಲೇಬೇಕು.

ಓಡಿಹೋಗಿ ವಾಪಸ್ ಬಂದವರೂ ಇದ್ದಾರೆ. ಜರ್ಮನಿಯ ಸ್ಟೈಫ್ ಮೃದು ಗೊಂಬೆಗಳಿಗೆ ಹೆಸರಾದ ಕಂಪನಿ. ಈ ಶತಮಾನದ ಮೊದಲ ದಶಕದಲ್ಲಿ ಕೆಲಸದ ಒಂದು ಪಾಲನ್ನು ಚೀನಾಕ್ಕೆ ಕೊಟ್ಟಿತು. 2008ರಲ್ಲಿ ವಾಪಸ್ ತರಲು ತೀರ್ಮಾನಿಸಿತು. ಗುಣಮಟ್ಟ ಸಾಲಲಿಲ್ಲ, ಸಾಮಾನು ಬರುವುದು ತಡವಾಗುತ್ತಿತ್ತು, ಕಲಿತ ಕೆಲಸಗಾರರು ನಿಲ್ಲುತ್ತಿರಲಿಲ್ಲ. ಕರಡಿ ಗೊಂಬೆಯ ಕಣ್ಣು ಒಂದು ಮಿಲಿಮೀಟರ್ ಆಚೀಚೆ ಆದರೆ ಮುಖದ ಭಾವವೇ ಬೇರೆ. ಅದನ್ನು ಸರಿಯಾಗಿ ಕೂರಿಸಲು ತಿಂಗಳುಗಟ್ಟಲೆ ಕಲಿಯಬೇಕು. ಚೀನಾಕ್ಕೆ ಹೋದವರಿಗೆ ಅಂದು ಆದ ತೊಂದರೆಯೇ ಇಂದು ಚೀನಾ ಬಿಟ್ಟು ಹೊರಟವರಿಗೆ ಆಗುತ್ತಿದೆ.

ಹಾಗಾಗಿ ಈಗ ಸಣ್ಣ ಪ್ರಕಾಶಕರು ಒಂದು ಆಟಕ್ಕೆ ಎರಡು ಮೂರು ಕಡೆ ಬೆಲೆ ಕೇಳುತ್ತಿದ್ದಾರೆ. ಯುರೋಪಿನ ಪ್ರತಿಗಳನ್ನು ಯುರೋಪಿನಲ್ಲಿ, ಉಳಿದದ್ದನ್ನು ಚೀನಾದಲ್ಲಿ ಮಾಡಿಸಿದರೆ ಹೇಗೆ? ಪ್ಲಾಸ್ಟಿಕ್ ಬೊಂಬೆ ತೆಗೆದು ಮರದ ಕಾಯಿ ಹಾಕಿದರೆ ಎಷ್ಟು ಉಳಿಯುತ್ತದೆ? ವಿನ್ಯಾಸವೇ ಇದಕ್ಕೆ ತಕ್ಕ ಹಾಗೆ ಬದಲಾಗುತ್ತಿದೆ. ದೊಡ್ಡ ಕಂಪನಿಗಳು ಒಂದೇ ಆಟಿಕೆಯ ಅಚ್ಚನ್ನು ಎರಡು ದೇಶಗಳಲ್ಲಿ ಇಟ್ಟುಕೊಳ್ಳುತ್ತಿವೆ. ಖರ್ಚು ಜಾಸ್ತಿ, ಆದರೆ ಒಂದು ಬಾಗಿಲು ಮುಚ್ಚಿದರೆ ಇನ್ನೊಂದು ಇರುತ್ತದೆ.

ವಿಯೆಟ್ನಾಂಗೆ ಹೋದ ಆಟಿಕೆ ಕಾರ್ಖಾನೆಗಳಲ್ಲಿ ಎಷ್ಟೋ ಕಡೆ ಮಾಲೀಕರು ಹಾಂಗ್‌ಕಾಂಗ್ ಅಥವಾ ಚೀನಾದವರೇ. ಅಚ್ಚಿನ ಜೊತೆಗೆ ಒಬ್ಬ ಹಳೆಯ ಕುಶಲಕರ್ಮಿಯೂ ಬಂದಿರುತ್ತಾರೆ. ಹೊಸ ಯಂತ್ರದ ಮುಂದೆ ಆಪರೇಟರ್ ಹುಡುಗಿ ನಿಂತಿರುತ್ತಾಳೆ. ಇಬ್ಬರಿಗೂ ಒಬ್ಬರ ಭಾಷೆ ಒಬ್ಬರಿಗೆ ಬರುವುದಿಲ್ಲ. ಅವರು ಬಿಸಿ ತುಂಡನ್ನು ಎತ್ತಿ, ಅಂಚಿನ ರೆಕ್ಕೆಯನ್ನು ಬೆರಳಿನಿಂದ ತೋರಿಸಿ, ಒತ್ತಡದ ಗುಂಡಿಯನ್ನು ಸ್ವಲ್ಪ ಇಳಿಸುತ್ತಾರೆ. ಮುಂದಿನ ತುಂಡು ಬೀಳುತ್ತದೆ. ಅವಳು ಅದನ್ನು ಎತ್ತಿ ಅಂಚು ಸವರಿ ನೋಡುತ್ತಾಳೆ. ಅವರ ವೀಸಾ ಮುಗಿಯುವುದರೊಳಗೆ ಅವಳು ಕಲಿತಿರಬೇಕು.